ರೈನ್ ನದಿಯ ಅಳತೆ, ಹಾಲಮ್ಮನ ದಂಡೆ

ಗೋಪಾಳ

ರೈನ್ ನದಿಯ ಮೇಲೆ ನಾನು ನಾಲ್ಕು ದಿನ ಪ್ರಯಾಣ ಮಾಡಿದೆ. ಅದರಲ್ಲಿ ಒಂದೂವರೆ ದಿನ ಸಂತೋಷವಾಗಿದ್ದೆ. ಉಳಿದ ದಿನಗಳ ಸಿಟ್ಟು ಇನ್ನೂ ಇಳಿದಿಲ್ಲ. ಆದ್ದರಿಂದ ಈ ಬರಹದಲ್ಲಿ ಕೋಟೆ ಕೊತ್ತಲಗಳ, ದ್ರಾಕ್ಷಿತೋಟಗಳ ವರ್ಣನೆ ಹುಡುಕುವವರಿಗೆ ನಿರಾಸೆಯಾದೀತು. ಕೋಟೆಗಳು ಇದ್ದವು. ನಾನೇ ಸರಿಯಾಗಿ ನೋಡಲಿಲ್ಲ.

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಹೆಸರು ನೀಲಾಂಬಿಕೆ, ಮನೆ ಗೋಪಾಳದಲ್ಲಿ. ಎರಡು ವರ್ಷದ ಹಿಂದೆ ನನ್ನ ಹಳೆಯ ವಿದ್ಯಾರ್ಥಿ ಸತೀಶ ಮನೆಗೆ ಬಂದ. ಭದ್ರಾವತಿಯ ಕಬ್ಬಿಣ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗ. ಕಾಲೇಜಿನ ದಿನಗಳಲ್ಲಿ ವಾರಕ್ಕೊಮ್ಮೆ ಬಸ್ಸು ಹತ್ತಿ ನನ್ನ ಮನೆಗೆ ಬಂದು ಪುಸ್ತಕ ಒಯ್ಯುತ್ತಿದ್ದ. ಓದಿಯೇ ಹಿಂದಕ್ಕೆ ತರುತ್ತಿದ್ದ. ಅವನ ಮದುವೆಯ ಮೊದಲ ಕರೆಯೋಲೆ ಬಂದದ್ದು ನನಗೆ. ಈಗ ಒಂದು ಸಲಹಾ ಸಂಸ್ಥೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಭದ್ರಾವತಿಯ ಕೆಳಗಿನಿಂದ ಹೊಳೆಹೊನ್ನೂರು, ಕೂಡ್ಲಿ ದಾಟಿ ಮುಂದಕ್ಕೆ, ಹೊಳೆಯ ಮೇಲೆ ಸರಕಿನ ಹಡಗು ಓಡಿಸಿದರೆ ಲಾಭವಾಗುತ್ತದೆಯೇ ಎಂದು ಪರೀಕ್ಷಿಸುವ ಕೆಲಸ ಅವನ ಸಂಸ್ಥೆಗೆ ಸಿಕ್ಕಿತ್ತು. ಹೊಳೆಯಲ್ಲಿ ಯಾವ ತಿಂಗಳು ಎಷ್ಟು ನೀರು, ದಂಡೆಯಲ್ಲಿ ಯಾರಿದ್ದಾರೆ, ಏನು ಬೆಳೆಯುತ್ತಾರೆ, ಇದನ್ನೆಲ್ಲ ಒಂದು ವರ್ಷ ನೋಡಿ ಬರೆದುಕೊಡಿ ಮೇಡಂ ಎಂದ. ಒಪ್ಪಿಕೊಂಡೆ. ಹೆಮ್ಮೆಯಿಂದಲೇ ಒಪ್ಪಿಕೊಂಡೆ.

ಆ ಕೆಲಸದಲ್ಲಿ ಸಿಕ್ಕವಳು ಹೊಳೆಹೊನ್ನೂರಿನ ಹಾಲಮ್ಮ. ಮಳೆಗಾಲದ ನೀರು ಇಳಿದ ಮೇಲೆ ಭದ್ರಾ ದಂಡೆಯಲ್ಲಿ ಮೆಕ್ಕಲು ಮಣ್ಣಿನ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಹಾಲಮ್ಮ ಅಲ್ಲಿ ಬದನೆ, ಹೀರೆ, ಹರಿವೆಸೊಪ್ಪು ಬೆಳೆದು ಸಂತೆಯಲ್ಲಿ ಮಾರುತ್ತಾಳೆ. ಅವಳ ಅತ್ತೆಯ ಕಾಲದಿಂದಲೂ ಆ ಪಟ್ಟಿ ಅವರದೇ, ಆದರೆ ಅದಕ್ಕೆ ಕಾಗದ ಪತ್ರ ಯಾವುದೂ ಇಲ್ಲ. ದಿನವೂ ಕೊಡ ಹಿಡಿದು ಹೊಳೆಗೆ ಇಳಿಯುವವಳಾದ್ದರಿಂದ ನೀರಿನ ಆಳ ಹೇಳುವ ಕೆಲಸವನ್ನು ಅವಳಿಗೇ ಒಪ್ಪಿಸಿದೆ. ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಕಣಕಾಲು ಎಷ್ಟು, ಮೊಣಕಾಲು ಎಷ್ಟು, ಸೊಂಟ, ಎದೆ ಎಷ್ಟು ಎಂದು ಟೇಪಿನಲ್ಲಿ ಅಳೆದುಕೊಂಡೆ. ಅವಳು ನಕ್ಕೂ ನಕ್ಕೂ ಟೇಪು ಜಾರಿಬೀಳುತ್ತಿತ್ತು. ಆಮೇಲೆ ಒಂದು ವರ್ಷ ಪ್ರತಿ ಸೋಮವಾರ ಅವಳ ಫೋನು ಬರುತ್ತಿತ್ತು. ಇವತ್ತು ಸೊಂಟ ಮೇಡಂ. ಇವತ್ತು ಮೊಣಕಾಲು. ಶ್ರಾವಣದಲ್ಲಿ ಒಂದು ಸೋಮವಾರ, ಆಳು ಮುಳುಗುತ್ತೆ, ನಾನು ಇಳಿಯಲ್ಲ ಎಂದಳು. ಬೇಸಿಗೆಯಲ್ಲಿ ವಾರಗಟ್ಟಲೆ ಒಂದೇ ಮಾತು: ಕಣಕಾಲು.

ತಿಂಗಳಿಗೊಂದು ಸಾಲಿನಂತೆ ಕೋಷ್ಟಕ ಮಾಡಿ ಸತೀಶನಿಗೆ ಕಳಿಸಿದೆ. ಬೇಸಿಗೆಯಲ್ಲಿ ಇಲ್ಲಿ ಹಡಗಿರಲಿ, ಹರಿಗೋಲೂ ಓಡದು ಎಂದು ಕೆಳಗೆ ಬರೆದೆ. ಅವನು ಧನ್ಯವಾದ ಹೇಳಿದ. ಕೆಲವು ತಿಂಗಳ ನಂತರ ಮತ್ತೆ ಫೋನು ಮಾಡಿ, ಸರ್ಕಾರದ ಅಧಿಕಾರಿಗಳ ಜೊತೆ ಯೂರೋಪಿನ ಜಲಮಾರ್ಗ ನೋಡಲು ಹೋಗುತ್ತಿದ್ದೇವೆ, ಸ್ಥಳೀಯ ತಜ್ಞರಾಗಿ ನೀವೂ ಬರಬೇಕು ಎಂದ. ಐವತ್ತೈದು ದಾಟಿದ ಮೇಲೆ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದೆ.

ರಾಟರ್‌ಡ್ಯಾಮ್

ನಮ್ಮ ಊರಿನವರು ಎಲ್ಲಿಗೆ ಹೋದರೂ ಅಡಿಕೆ ಬಿಡುವುದಿಲ್ಲ. ಅಲ್ಲಿ ಪರಿಚಯವಾದವರಿಗೆ ಕೊಡಲೆಂದು ನಾನೂ ಒಂದು ಪೊಟ್ಟಣ ಕೆಂಪಡಿಕೆ ಕಟ್ಟಿಕೊಂಡಿದ್ದೆ. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಒಂದು ಹೋಳನ್ನು ಬೆಳಕಿಗೆ ಹಿಡಿದು ನೋಡಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ಇದನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಜಗಿದು ಉಗುಳುತ್ತೇವೆ ಎಂದೆ. ಉಗುಳುವುದಾದರೆ ಜಗಿಯುವುದು ಯಾಕೆ ಎಂದು ಅವನು ಕೇಳಿದ. ಕೊನೆಗೆ ಪೊಟ್ಟಣವನ್ನು ಇಟ್ಟುಕೊಂಡು ನನ್ನನ್ನು ಬಿಟ್ಟರು.

ಮೂವರು ಅಧಿಕಾರಿಗಳು, ಸತೀಶ, ನಾನು, ಒಟ್ಟು ಐದು ಜನ. ರಾಟರ್‌ಡ್ಯಾಮಿನಲ್ಲಿ ಆತಿಥೇಯರು ಎರಡು ದಿನ ಬಂದರು ತೋರಿಸಿದರು. ಸಮುದ್ರದ ಹಡಗಿನಿಂದ ಇಳಿದ ಸರಕು ಲಾರಿಗೆ ಹೋಗುವುದಕ್ಕಿಂತ ಹೆಚ್ಚಾಗಿ ನದಿಯ ಹಡಗಿಗೆ ಹೋಗುತ್ತಿತ್ತು. ಅಧಿಕಾರಿಗಳು ಫೋಟೋ ತೆಗೆಸಿಕೊಂಡರು. ಅವರಲ್ಲಿ ಹಿರಿಯರಾದವರು ಭದ್ರೆಯನ್ನು ಒಮ್ಮೆಯೂ ನೋಡಿಲ್ಲ ಎಂದು ಊಟದ ಹೊತ್ತಿಗೆ ತಿಳಿಯಿತು. ಹೊಳೆಹೊನ್ನೂರು ತುಂಗೆಯ ಮೇಲಿದೆ ಅಲ್ಲವೇ ಎಂದು ನನ್ನನ್ನೇ ಕೇಳಿದರು.

ಮುಂದಿನ ಕಾರ್ಯಕ್ರಮ ಜರ್ಮನಿಯ ಮೈನ್ಜ್ ನಗರದಲ್ಲಿ ಒಂದು ಸಭೆ. ಅಲ್ಲಿಗೆ ಬಸ್ಸಿನಲ್ಲಿ ಹೋಗಬಹುದು; ಬೇಕಾದರೆ ಇಬ್ಬರು ಸರಕಿನ ಹಡಗಿನಲ್ಲೇ ಬರಬಹುದು ಎಂದು ಆತಿಥೇಯರು ಹೇಳಿದರು. ಅಧಿಕಾರಿಗಳಿಗೆ ದಾರಿಯಲ್ಲಿ ಅಂಗಡಿಗಳಿರುವ ಬಸ್ಸೇ ಇಷ್ಟವಾಯಿತು. ಹಡಗು ಹತ್ತಿದವರು ನಾನು ಮತ್ತು ಸತೀಶ.

ನೈಮೇಗನ್

ಹಡಗಿನ ಒಡೆಯರು ಹೆಂಕ್ ಮತ್ತು ರಿಯಾ ಎಂಬ ಡಚ್ ಗಂಡ ಹೆಂಡತಿ. ಅದೇ ಅವರ ಮನೆ. ಉದ್ದಕ್ಕೆ ಗೋದಾಮಿನಂತೆ ಸರಕಿನ ಹೊಟ್ಟೆ, ಹಿಂದುಗಡೆ ಕಸೂತಿ ಪರದೆ ಹಾಕಿದ ಕಿಟಕಿಗಳ ಪುಟ್ಟ ಮನೆ, ಹೂವಿನ ಕುಂಡಗಳು, ಮನೆಯ ಮಾಡಿನ ಮೇಲೆ ಅವರ ಕಾರು. ಊರು ಬಂದಾಗ ಕ್ರೇನಿನಿಂದ ಕಾರು ಇಳಿಸಿ ತರಕಾರಿ ತಂದು ಮತ್ತೆ ಮೇಲಕ್ಕೆತ್ತುತ್ತಾರೆ. ಹೆಂಕ್ ಚುಕ್ಕಾಣಿ ಹಿಡಿಯುವ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಇದೊಂದು ಪದ್ಧತಿ ನೋಡಿ ನನಗೆ ನಮ್ಮ ಮನೆಗೇ ಬಂದಂತಾಯಿತು.

ಉಳಿದ ಪದ್ಧತಿಗಳು ಬೇರೆ. ಬೆಳಗಿನ ತಿಂಡಿಗೆ ಬ್ರೆಡ್ಡಿನ ಮೇಲೆ ಬೆಣ್ಣೆ ಸವರಿ ಅದರ ಮೇಲೆ ಚಾಕೊಲೇಟ್ ಕಾಳುಗಳನ್ನು ಉದುರಿಸಿಕೊಂಡು ತಿನ್ನುತ್ತಾರೆ. ಮಕ್ಕಳಲ್ಲ, ಆರಡಿ ಎತ್ತರದ, ನರೆತ ಮೀಸೆಯ ಹೆಂಕ್. ಕಾಫಿಯ ಜೊತೆ ರಿಯಾ ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಹಿಡಿಯುತ್ತಾಳೆ, ಒಂದು ತೆಗೆದುಕೊಂಡ ಕೂಡಲೇ ಮುಚ್ಚಳ ಹಾಕಿ ಒಳಗಿಡುತ್ತಾಳೆ. ಇನ್ನೊಂದು ತಗೊಳ್ಳಿ, ಇಷ್ಟೇ ಸಾಕಾ ಎನ್ನುವ ಮಾತಿಲ್ಲ. ಬೇಡ ಬೇಡ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ನಮ್ಮ ಕಡೆ ಎರಡನೇ ಸಲ ಕೇಳದಿದ್ದರೆ ನೆಂಟಸ್ತನವೇ ಮುರಿಯುತ್ತದೆ.

ಗಾಂಧಿ ಬಜಾರಿನಲ್ಲಿ ಕೊಂಡ ಹತ್ತಿ ಸೀರೆಯನ್ನು ಒಗೆದು ಹಡಗಿನ ಹಗ್ಗದ ಮೇಲೆ ಹರವಿದ್ದೆ. ನೈಮೇಗನ್ ಊರು ದಾಟುವಾಗ ಗಾಳಿ ಬಂದು ಅದನ್ನು ಎತ್ತಿಕೊಂಡು ಹೋಗಿ ನದಿಗೆ ಹಾಕಿತು. ಹಸಿರು ಸೀರೆ ಹಿಂದಕ್ಕೆ, ಸಮುದ್ರದ ಕಡೆಗೆ ತೇಲುತ್ತ ಹೋಯಿತು. ಹೆಂಕ್ ಕೂಡಲೇ ರೇಡಿಯೋ ತೆಗೆದು ಹಿಂದಿನಿಂದ ಬರುತ್ತಿದ್ದ ಹಡಗುಗಳಿಗೆಲ್ಲ ತಿಳಿಸಿದ, ಬಟ್ಟೆ ಬರುತ್ತಿದೆ, ಹಡಗಿನಡಿಯ ಚಕ್ರಕ್ಕೆ ಸಿಕ್ಕೀತು ಎಂದು. ನದಿಯ ಮೇಲಿದ್ದವರಿಗೆಲ್ಲ ನನ್ನ ಸೀರೆಯ ಬಣ್ಣ ತಿಳಿಯಿತು. ಸತೀಶ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಆ ಒಂದೂವರೆ ದಿನದ ಸಂತೋಷದಲ್ಲಿ ಇದೂ ಸೇರಿದೆ.

ಡೂಸ್‌ಬರ್ಗ್

ಎರಡನೇ ದಿನ ಎರಡೂ ದಂಡೆಯಲ್ಲಿ ಕಾರ್ಖಾನೆಗಳು ಶುರುವಾದವು. ಕುಲುಮೆಗಳು, ಚಿಮಣಿಗಳು, ಅದಿರಿನ ಕೆಂಪು ಗುಡ್ಡಗಳು. ಹಡಗು ಕಾರ್ಖಾನೆಯ ಹೊಸ್ತಿಲಿಗೇ ಬಂದು ನಿಲ್ಲುತ್ತದೆ. ಕ್ರೇನು ಬಾಗಿ ಸರಕನ್ನು ಎತ್ತಿಕೊಳ್ಳುತ್ತದೆ. ನಡುವೆ ಲಾರಿ ಇಲ್ಲ, ಹೊತ್ತು ಹಾಕುವವರಿಲ್ಲ. ಇಲ್ಲಿ ಯಾಕೆ ಲಾಭ ಎನ್ನುವುದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಸತೀಶ ಕಂಬಿ ಹಿಡಿದು ನಿಂತಿದ್ದ. ತನ್ನ ತಂದೆ ಕುಲುಮೆಯ ಶಿಫ್ಟು ಮುಗಿಸಿ ಬಂದಾಗ ಅಂಗಿಯಿಂದ ಬರುತ್ತಿದ್ದ ವಾಸನೆ ಇಲ್ಲೂ ಬರುತ್ತಿದೆ ಎಂದ. ನಮ್ಮ ಭದ್ರಾವತಿಯೂ ಹೀಗೇ ಇರಬೇಕಿತ್ತು ಮೇಡಂ ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನಾನು ಅವನ ಬೆನ್ನು ಸವರಿದೆ.

ಕಲೋನ್

ಮೂರನೇ ದಿನ ಬೆಳಿಗ್ಗೆ, ಕಲೋನಿನ ದೊಡ್ಡ ಚರ್ಚಿನ ಅವಳಿ ಗೋಪುರಗಳು ಕಾಣುತ್ತಿದ್ದಾಗ, ಸತೀಶ ನನ್ನ ಕೈಗೆ ಒಂದು ಪುಸ್ತಕ ಕೊಟ್ಟ. ಮೈನ್ಜ್ ಸಭೆಯಲ್ಲಿ ಮಂಡಿಸಬೇಕಾದ ವರದಿ. ನುಣುಪು ಕಾಗದ, ಮುಖಪುಟದ ಮೇಲೆ ಹೊಳೆಯ ಚಿತ್ರ, ಒಳಗಿನ ಮೊದಲ ಪುಟದಲ್ಲಿ ನನ್ನ ಹೆಸರು. ಕ್ಷೇತ್ರ ಅಧ್ಯಯನ: ಪ್ರೊಫೆಸರ್ ನೀಲಾಂಬಿಕೆ. ನನ್ನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದ್ದು ನಿಜ.

ಅಡುಗೆಮನೆಯ ಮೇಜಿನ ಬಳಿ ಕೂತು ಓದತೊಡಗಿದೆ. ನೀರಿನ ಆಳದ ಪುಟ ಬಂತು. ನಾನು ಕಳಿಸಿದ್ದ ಹನ್ನೆರಡು ಸಾಲುಗಳು ಅಲ್ಲಿರಲಿಲ್ಲ. ಒಂದೇ ಸಾಲು ಇತ್ತು: ವಾರ್ಷಿಕ ಸರಾಸರಿ ಆಳ. ಶ್ರಾವಣದ ಆಳು ಮುಳುಗುವ ನೀರನ್ನೂ ವೈಶಾಖದ ಕಣಕಾಲಿನ ನೀರನ್ನೂ ಕೂಡಿಸಿ ಭಾಗಿಸಿ, ಹೊಳೆಯಲ್ಲಿ ವರ್ಷವಿಡೀ ಹಾಲಮ್ಮನ ಎದೆಮಟ್ಟ ನೀರು ನಿಲ್ಲಿಸಿದ್ದರು. ಅಷ್ಟು ನೀರಿದ್ದರೆ ಸಣ್ಣ ಹಡಗು ಓಡುತ್ತದೆ. ವರ್ಷವಿಡೀ ಓಡುತ್ತದೆ ಎಂದೇ ಮುಂದಿನ ಲೆಕ್ಕವೆಲ್ಲ ನಡೆದಿತ್ತು. ಬೇಸಿಗೆಯಲ್ಲಿ ಹರಿಗೋಲೂ ಓಡದು ಎಂದು ನಾನು ಬರೆದ ವಾಕ್ಯವನ್ನು ಹುಡುಕಿದೆ. ಇಡೀ ಪುಸ್ತಕದಲ್ಲಿ ಬೇಸಿಗೆ ಎಂಬ ಪದವೇ ಇರಲಿಲ್ಲ.

ಪುಟ ಮಗುಚಿದೆ. ಹಡಗು ತಂಗುವ ಕಟ್ಟೆಗೆ, ಅಂದರೆ ಜೆಟ್ಟಿಗೆ, ಆರಿಸಿದ ಜಾಗದ ನಕ್ಷೆ. ಹೊಳೆಹೊನ್ನೂರಿನ ತಿರುವಿನಲ್ಲಿ ಹಾಲಮ್ಮನ ಪಟ್ಟಿಯ ಮೇಲೆಯೇ ಒಂದು ನೀಲಿ ಚೌಕ. ಪಕ್ಕದಲ್ಲಿ ಮೂರು ಪದ: ಬಳಕೆಯಲ್ಲಿಲ್ಲದ ನದೀ ದಂಡೆ. ಯೋಜನೆಯಿಂದ ನಷ್ಟ ಹೊಂದುವವರು ಎಂಬ ಕಡೆ ಒಂದು ಗೀಟು.

ಒಂದು ವರ್ಷ ಪ್ರತಿ ಸೋಮವಾರ ಆ ಹೆಂಗಸು ನೀರಿಗಿಳಿದು ಫೋನು ಮಾಡಿದ್ದಳು. ಅವಳ ಕಾಲನ್ನೇ ಅಳತೆಗೋಲು ಮಾಡಿಕೊಂಡು ಅವಳ ನೆಲವನ್ನೇ ಅಳಿಸಿದ್ದರು. ಮೇಲೆ ನನ್ನ ಹೆಸರು. ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿದೆ. ರಿಯಾ ನೋಡಿದಳು. ಬಿಸ್ಕತ್ತಿನ ಡಬ್ಬಿ ತೆರೆದು ಮೇಜಿನ ಮೇಲಿಟ್ಟು, ಮುಚ್ಚಳ ಹಾಕದೆ ಹೋದಳು.

ಕೌಬ್

ಆ ದಿನವೆಲ್ಲ ನಾನು ಸತೀಶನ ಜೊತೆ ಮಾತಾಡಲಿಲ್ಲ. ಕೋಪ ಬಂದಾಗ ಎದ್ದು ಹೋಗಲು ಹಡಗಿನಲ್ಲಿ ಜಾಗವೇ ಇಲ್ಲ. ಒಂದೇ ಮೇಜಿನಲ್ಲಿ ಎದುರು ಬದುರು ಕೂತು ಆಲೂಗಡ್ಡೆ ತಿಂದೆವು. ನಾನು ಪುಸ್ತಕವನ್ನು ಆ ಪುಟಕ್ಕೇ ತೆರೆದು ಅವನ ತಟ್ಟೆಯ ಪಕ್ಕ ಇಟ್ಟಿದ್ದೆ. ಅವನು ನೋಡಿದ, ಊಟ ಮುಂದುವರಿಸಿದ.

ಮರುದಿನ ಬೆಳಿಗ್ಗೆ ಹಡಗು ಕೌಬ್ ಎಂಬ ಪುಟ್ಟ ಊರಿನ ಹತ್ತಿರ ನಿಂತಿತ್ತು. ಇಡೀ ನದಿಯಲ್ಲಿ ಆಳ ಕಡಿಮೆ ಇರುವ ಜಾಗಗಳಲ್ಲಿ ಇದೂ ಒಂದು, ಅಡಿಯಲ್ಲಿ ಬರೀ ಬಂಡೆ. ದಂಡೆಯ ಮೇಲೆ ನೀರಿನ ಮಟ್ಟ ತೋರಿಸುವ ಒಂದು ಗೋಪುರ. ದೂರದಲ್ಲಿ ಬರುವ ಹಡಗಿಗೂ ಕಾಣುವಂತೆ, ನಮ್ಮೂರಿನಲ್ಲಿ ಬಸ್‌ಸ್ಟ್ಯಾಂಡಿನ ಗಡಿಯಾರ ಇರುವ ಹಾಗೆ, ಇವತ್ತಿನ ನೀರು ಎಷ್ಟು ಎಂದು ಎಲ್ಲರೆದುರು ಹೇಳುತ್ತ ನಿಂತಿತ್ತು. ರಾಟರ್‌ಡ್ಯಾಮಿನಲ್ಲಿ ಸರಕು ತುಂಬುವ ಮೊದಲು ಹೆಂಕ್ ನೋಡಿದ್ದೂ ಇದೇ ಕೌಬಿನ ಅಳತೆಯನ್ನು ಎಂದು ಆಗ ತಿಳಿಯಿತು. ಮಳೆ ಕಡಿಮೆಯಾದ ವರ್ಷ, ಅದಕ್ಕೇ ಹಡಗಿನ ಅರ್ಧ ಹೊಟ್ಟೆ ಖಾಲಿ ಬಿಟ್ಟುಕೊಂಡು ಬಂದಿದ್ದ. ನದಿಯ ನಡುವೆ ದ್ವೀಪದ ಮೇಲೊಂದು ಬಿಳಿ ಕೋಟೆ ಇದೆ. ತೀರ ಒಣಗಿದ ವರ್ಷಗಳಲ್ಲಿ ಜನ ಅಲ್ಲಿಗೆ ಕಲ್ಲುಗಳ ಮೇಲೆ ನಡೆದೇ ಹೋಗಿದ್ದಾರಂತೆ.

ಇಲ್ಲಿಯ ಸರಾಸರಿ ಆಳ ಎಷ್ಟು ಎಂದು ಹೆಂಕನನ್ನು ಕೇಳಿದೆ. ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಇಂಗ್ಲಿಷು ಸರಿ ಇಲ್ಲವೇನೋ ಎಂದು ಇನ್ನೊಮ್ಮೆ ಕೇಳಿದೆ. ಉತ್ತರ ಕೊಟ್ಟವಳು ರಿಯಾ.

"ಅದು ಗೊತ್ತಿಲ್ಲ. ಯಾರೂ ಕೇಳುವುದಿಲ್ಲ. ನಾವು ಕೇಳುವುದು ಅತಿ ಕಡಿಮೆ ಎಷ್ಟು ಅಂತ. ನನ್ನ ಮನೆ ಈ ಹಡಗಿನಲ್ಲಿದೆ."

ಸತೀಶ ಪಕ್ಕದಲ್ಲೇ ನಿಂತಿದ್ದ. ನಾನು ದಂಡೆಗೆ ಇಳಿದೆ. ಅವನೂ ಹಿಂದೆ ಬಂದ. ಅಲ್ಲಿ ಒಂದು ಬೆಂಚಿನ ಮುಂದೆ ನಿಂತು ಕೇಳಿದೆ.

"ಬೇಸಿಗೆ ಎಲ್ಲಿ ಹೋಯ್ತು, ಸತೀಶ?"

ಅದು ಸಾರಾಂಶದ ಕೋಷ್ಟಕ, ಅಲ್ಲಿ ಹನ್ನೆರಡು ಸಾಲು ಹಾಕುವುದಿಲ್ಲ ಎಂದ. ಹಾಗಾದರೆ ವಿವರದ ಕೋಷ್ಟಕ ಎಲ್ಲಿ ಎಂದೆ. ಅನುಬಂಧದಲ್ಲಿ ಹಾಕಬೇಕೆಂದಿದ್ದೆವು, ಬಿಟ್ಟುಹೋಯಿತು ಎಂದ. ತಾನಾಗಿ ಬಿಟ್ಟುಹೋಯಿತೋ ನೀನು ಬಿಟ್ಟೆಯೋ ಎಂದೆ. ಅವನು ತಲೆಯೆತ್ತಿದ.

"ನಾನೇ ಬಿಟ್ಟೆ ಮೇಡಂ. ಅದನ್ನ ಹಾಕಿದ್ರೆ ಮೊದಲ ಪುಟದಲ್ಲೇ ಫೈಲ್ ಮುಚ್ತಾರೆ. ಫ್ಯಾಕ್ಟ್ರಿ ನಿಂತ ಮೇಲೂ ನಮ್ಮಪ್ಪ ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕ್ಕೊಂಡು ಗೇಟಿನ ತನಕ ಹೋಗಿ ಬರ್ತಿದ್ರು. ನೀವು ಅದನ್ನ ನೋಡಿಲ್ಲ. ಏನೋ ಒಂದು ಯೋಜನೆ ಬರ್ಲಿ, ಜೆಟ್ಟಿ ಕಟ್ಲಿ, ನಾಲ್ಕು ಜನಕ್ಕೆ ಕೆಲಸ ಸಿಗ್ಲಿ. ಹಡಗಿನ ವಿಷ್ಯ ಆಮೇಲೆ ನೋಡ್ಕೊಂಡ್ರಾಯ್ತು."

"ಹಾಲಮ್ಮ ಮಾಡ್ತಿರೋದು ಕೆಲಸ ಅಲ್ವಾ?"

"ಆ ಜಾಗಕ್ಕೆ ಕಾಗದ ಇಲ್ಲ ಮೇಡಂ."

ನನಗೆ ಅವನ ತಂದೆಯ ಮೇಲೆ ಮರುಕ ಹುಟ್ಟಿತು, ಅವನ ಮೇಲೆ ಹುಟ್ಟಲಿಲ್ಲ. ಅಪ್ಪನ ದುಃಖವನ್ನು ಇನ್ನೊಬ್ಬಳ ನೆಲ ಕಿತ್ತುಕೊಳ್ಳಲು ಸಾಕ್ಷಿಗೆ ತರುತ್ತಿದ್ದಾನಲ್ಲ ಎನಿಸಿ ಮೈ ಉರಿಯಿತು. ಇನ್ನೂ ಉರಿಯುವಂಥದು ಒಂದಿತ್ತು. ಸರಾಸರಿ ಎಂದರೇನು ಎಂದು ಮೊದಲ ವರ್ಷದ ತರಗತಿಯಲ್ಲಿ ಅವನಿಗೆ ಕಲಿಸಿದವಳು ನಾನೇ. ಕೂಡಿಸು, ಭಾಗಿಸು, ಬರೆ. ಅದು ಎಲ್ಲಿ ಸುಳ್ಳು ಹೇಳುತ್ತದೆ ಎನ್ನುವ ಪಾಠಕ್ಕೆ ಯಾವತ್ತೂ ಸಮಯ ಸಾಕಾಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅದು ಬರುವುದಿಲ್ಲ ಎಂದು ದಾಟಿಸಿಬಿಡುತ್ತಿದ್ದೆ.

ನನ್ನ ಹೆಸರು ತೆಗೆ, ಇಲ್ಲವೇ ನನ್ನ ಸಾಲುಗಳನ್ನು ಹಾಕು ಎಂದೆ. ಅಚ್ಚಾಗಿಹೋಗಿದೆ ಎಂದ. ಸರಿ, ನಾನೇ ಹೇಳುತ್ತೇನೆ ಎಂದು ಹಡಗಿಗೆ ಮರಳಿದೆ.

ಮೈನ್ಜ್

ಇಳಿಯುವಾಗ ರಿಯಾ ಚಳಿಗೆಂದು ತನ್ನ ಉಣ್ಣೆಯ ಕೋಟನ್ನು ನನಗೆ ತೊಡಿಸಿದಳು. ಸಭೆಗೆಂದು ಇಟ್ಟುಕೊಂಡಿದ್ದ ರೇಷ್ಮೆ ಸೀರೆಯ ಮೇಲೆ, ನನಗಿಂತ ಒಂದಡಿ ಉದ್ದದ ಹೆಂಗಸಿನ ನೀಲಿ ಕೋಟು. ಕೈ ಬೆರಳೂ ಕಾಣುತ್ತಿರಲಿಲ್ಲ. ಹಾಗೆಯೇ ಹೋದೆ.

ಉದ್ದ ಮೇಜು, ನಮ್ಮವರು ಒಂದು ಕಡೆ, ಅಲ್ಲಿಯ ಎಂಜಿನಿಯರುಗಳು ಇನ್ನೊಂದು ಕಡೆ. ಸತೀಶ ಚೆನ್ನಾಗಿ ಮಾತಾಡಿದ. ಅವನ ಇಂಗ್ಲಿಷಿಗೆ ನಾನು ಒಂದು ಕಾಲದಲ್ಲಿ ಖುಷಿ ಪಟ್ಟಿದ್ದೆ. ಸರಾಸರಿ ಆಳದ ಚಿತ್ರ ಗೋಡೆಯ ಮೇಲೆ ಬಂದಾಗ, ಕೆಳಗೆ ನನ್ನ ಹೆಸರೂ ಇತ್ತು. ಎದ್ದು ನಿಂತೆ. ಈ ಅಂಕಿ ನನ್ನದಲ್ಲ, ನಾನು ಕೊಟ್ಟದ್ದು ತಿಂಗಳ ಲೆಕ್ಕ, ಅದರಲ್ಲಿ ಬೇಸಿಗೆ ಇತ್ತು ಎಂದು ಹೇಳಿದೆ.

ನಮ್ಮ ಹಿರಿಯ ಅಧಿಕಾರಿ ನನ್ನ ಕಡೆ ಬಾಗಿ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: "ಮೇಡಂ, ಇದನ್ನ ಊರಿಗೆ ಹೋಗಿ ಮಾತಾಡೋಣ. ಹೊರಗಿನವರ ಮುಂದೆ ನಮ್ಮ ಮಾನ ಯಾಕೆ ತೆಗೀತೀರಿ?"

ಎದುರು ಕೂತಿದ್ದ ಮುದಿ ಎಂಜಿನಿಯರೊಬ್ಬ ಆ ಪಿಸುಮಾತು ಮುಗಿಯುವವರೆಗೆ ಕಾದು, ಒಣಗಾಲದಲ್ಲಿ ಅತಿ ಕಡಿಮೆ ಆಳ ಎಷ್ಟು ಎಂದು ಕೇಳಿದ. ಸತೀಶನನ್ನೇ ಕೇಳಿದ. ಸತೀಶ ಕಾಗದ ಮಗುಚಿದ. ಅಧಿಕಾರಿಗಳು ನೀರು ಕುಡಿದರು. ನಾನು ಆ ಉದ್ದ ಕೋಟಿನ ಕೈ ಮಡಿಸಿ, ಬಗ್ಗಿ, ನನ್ನ ಕಣಕಾಲು ಮುಟ್ಟಿ ತೋರಿಸಿದೆ. ಯಾರೂ ನಗಲಿಲ್ಲ. ಮುದುಕ ತನ್ನ ಪೆನ್ನಿಗೆ ಮುಚ್ಚಳ ಹಾಕಿದ. ಆಮೇಲೆ ಅವನು ಏನೂ ಬರೆದುಕೊಳ್ಳಲಿಲ್ಲ.

ಸಂಜೆಯ ಊಟಕ್ಕೆ ನನ್ನ ಮೇಜಿನಲ್ಲಿ ಯಾರೂ ಕೂರಲಿಲ್ಲ. ವಾಪಸು ವಿಮಾನದಲ್ಲಿ ನನ್ನ ಸೀಟು ಬೇರೆ ಸಾಲಿಗೆ ಹೋಗಿತ್ತು. ಮಾನ ಎನ್ನುವುದು ಎಂಥ ವಿಚಿತ್ರ ವಸ್ತು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಸುಳ್ಳು ಬರೆದಾಗ ಹೋಗದ ಮಾನ ಅದನ್ನು ಸುಳ್ಳು ಎಂದಾಗ ಹೋಗುತ್ತದೆ.

ಭದ್ರಾವತಿ

ಶಿವಮೊಗ್ಗದ ರೈಲಿನಲ್ಲಿ ಬಂದವಳು ಮನೆಗೆ ಹೋಗದೆ ಭದ್ರಾವತಿಯಲ್ಲೇ ಇಳಿದೆ. ಪೆಟ್ಟಿಗೆ ಎಳೆದುಕೊಂಡು ಹೊಳೆಹೊನ್ನೂರಿನ ಬಸ್ಸು ಹತ್ತಿದೆ. ಹಾಲಮ್ಮನಿಗೆ ನಾನೇ ಹೇಳಬೇಕಿತ್ತು, ಬೇರೆಯವರ ಬಾಯಿಂದ ಅವಳಿಗೆ ತಿಳಿಯಬಾರದಿತ್ತು.

ಅವಳು ಜಗಲಿಯ ಮೇಲೆ ಕೂತು ಹೀರೆಯ ಬೀಜ ಬಿಡಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳಿಗೆ ಮೊದಲು ನಂಬಿಕೆಯಾಗಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು.

"ನಾನು ಸೋಮವಾರ ಸೋಮವಾರ ಹೇಳಿದ್ದು ಸುಳ್ಳು ಅಂತ ಬರದ್ರಾ ಮೇಡಂ?"

ಅವಳ ನೆಲ ಹೋಗುತ್ತದೆ ಎನ್ನುವುದಕ್ಕಿಂತ ಮೊದಲು ಅವಳಿಗೆ ನೋವಾದದ್ದು ಅದು. ಅವಳು ಚಹಾ ಮಾಡಿ ತಂದಳು. ಅವಳ ಮೇಲೆ ನನಗೆ ಸ್ವಲ್ಪ ಸಿಟ್ಟು ಬಂತು, ನನ್ನ ಮೇಲೆ ಅವಳಿಗೆ ಯಾಕೆ ಸಿಟ್ಟು ಬರುತ್ತಿಲ್ಲ ಎಂದು.

ಮನೆಗೆ ಬಂದು, ವರದಿಯಿಂದ ನನ್ನ ಹೆಸರು ತೆಗೆಯಬೇಕು, ಇಲ್ಲವೇ ತಿಂಗಳ ಕೋಷ್ಟಕವನ್ನು ಪೂರ್ತಿಯಾಗಿ ಸೇರಿಸಬೇಕು ಎಂದು ಸತೀಶನ ಸಂಸ್ಥೆಗೆ ಪತ್ರ ಬರೆದೆ. ಉತ್ತರ ಬೇಗನೇ ಬಂತು. ಸುಲಭವಾದ ಕೆಲಸವನ್ನು ಮಾಡಿದ್ದರು. ನನ್ನ ಹೆಸರು ತೆಗೆದಿದ್ದರು. ಸರಾಸರಿಯ ಆ ಒಂದು ಸಾಲು ಹಾಗೇ ಇತ್ತು.

ಹೊಳೆಹೊನ್ನೂರು

ಶಿವರಾತ್ರಿಗೆ ಮೊದಲು ಊರಿನ ಶಾಲೆಯಲ್ಲಿ ಜನರ ಅಭಿಪ್ರಾಯ ಕೇಳುವ ಸಭೆ ಇಟ್ಟರು. ನಾನು ತಿಂಗಳ ಕೋಷ್ಟಕವನ್ನು ಕನ್ನಡದಲ್ಲಿ, ಹಾಲಮ್ಮ ಹೇಳಿದ ಪದಗಳಲ್ಲೇ ಬರೆದು ಪ್ರತಿಗಳನ್ನು ಮಾಡಿಸಿ ಹಂಚಿದ್ದೆ. ಮಾಘ, ಮೊಣಕಾಲು. ಚೈತ್ರ, ಕಣಕಾಲು. ಓದಿದ ಯಾರಿಗೂ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ. ಇದನ್ನೂ ಬರೆದು ತಿಳಿಸಬೇಕೇ ಎಂದು ಒಬ್ಬರು ಕೇಳಿದರು.

ಸತೀಶನೇ ಬಂದಿದ್ದ, ಜೊತೆಯಲ್ಲಿ ಅದೇ ಹಿರಿಯ ಅಧಿಕಾರಿ. ನನಗೆ ನಮಸ್ಕಾರ ಮಾಡಿದ. ನಾನು ಮಾಡಲಿಲ್ಲ. ಈ ವಿಷಯದಲ್ಲಿ ನನಗೆ ನಾಚಿಕೆಯೂ ಇಲ್ಲ.

ಅವನು ವರದಿ ಓದಿ ಮುಗಿಸಿದ ಮೇಲೆ ಹಾಲಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಂತೆಯಲ್ಲಿ ಚೌಕಾಸಿಗೆ ನಿಲ್ಲುವ ಹಾಗೆ ನಿಂತಳು. ಬಳಕೆಯಲ್ಲಿಲ್ಲದ ದಂಡೆ ಎಂದು ಬರೆದಿದ್ದೀರಿ, ಹೋದ ವಾರ ಜಾಗ ನೋಡೋಕೆ ಬಂದ ನಿಮ್ಮ ಜೀಪಿನವರೇ ಅಲ್ಲಿಂದ ಒಂದು ಚೀಲ ಬದನೆಕಾಯಿ ತುಂಬಿಕೊಂಡು ಹೋದರಲ್ಲ, ಅದು ಯಾರು ಬೆಳೆದದ್ದು ಎಂದು ಕೇಳಿದಳು. ಜನ ನಕ್ಕರು. ಅಧಿಕಾರಿ ಚಾಲಕನ ಕಡೆ ನೋಡಿದರು. ಹಾಲಮ್ಮ ನಗಲಿಲ್ಲ.

"ನೀರಿನ ಮಾತು ಬಿಡಿ. ನೀರಿದೆ ಅಂತಲೇ ಇಟ್ಕಳಾಣ. ಈ ಹಡಗು ಏನನ್ನ ಹೊತ್ಕಂಡು ಹೋಗುತ್ತೆ ಅಂತ ಹೇಳಿ."

ಸತೀಶ ಪಟ್ಟಿ ಓದಿದ. ಅಡಿಕೆ ಎಂದ. ಹಿಂದುಗಡೆ ಕೂತಿದ್ದ ಅಡಿಕೆ ಬೆಳೆಗಾರರೊಬ್ಬರು ಎದ್ದು, ಅಂಗಳದಲ್ಲಿ ಲಾರಿಗೆ ಹೇರಿದರೆ ಶಿವಮೊಗ್ಗದ ಮಂಡಿಯಲ್ಲೇ ಇಳಿಯುತ್ತದೆ, ಲಾರಿಯಿಂದ ಹೊಳೆಗೆ, ಹೊಳೆಯಿಂದ ಮತ್ತೆ ಲಾರಿಗೆ ಯಾವ ಪುಣ್ಯಾತ್ಮ ಹೊರುತ್ತಾನೆ ಮಾರಾಯ ಎಂದರು. ಭತ್ತ ಎಂದ. ಅದಕ್ಕೂ ಅದೇ ಉತ್ತರ ಬಂತು. ಪಟ್ಟಿಯ ಮುಂದಿನ ಸಾಲಿಗೆ ಬಂದು ಸತೀಶ ನಿಂತುಬಿಟ್ಟ. ಅಧಿಕಾರಿ ಓದಿ ಎಂದರು. ಅವನು ಓದಲಿಲ್ಲ. ಅಧಿಕಾರಿಯೇ ಕಾಗದ ತೆಗೆದುಕೊಂಡು ಓದಿದರು: ಭದ್ರಾವತಿಯ ಕಾರ್ಖಾನೆಯ ಸರಕು. ಸರಕಿನ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಇತ್ತು.

"ಅದು ಮುಚ್ಚಿತಲ್ಲಪ್ಪ," ಎಂದಳು ಹಾಲಮ್ಮ. ಗದರಿ ಹೇಳಲಿಲ್ಲ. ಮಗನಿಗೆ ತಿಳಿಯದ್ದನ್ನು ತಿಳಿಸುವ ಹಾಗೆ ಹೇಳಿದಳು.

ಸತೀಶ ಕೂತುಕೊಂಡ. ಆಮೇಲೆ ಸಭೆ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಗೆದ್ದೆ ಎಂಬ ಭಾವ ನನಗೆ ಬರಲಿಲ್ಲ. ಆ ಸಾಲನ್ನು ಅವನು ಯಾವ ಮನಸ್ಸಿನಿಂದ ಬರೆದಿರಬಹುದು ಎಂದು ಕೇಳಿಕೊಂಡೆ. ಉತ್ತರ ಸಿಕ್ಕಿತು, ಆದರೂ ಸಿಟ್ಟು ಇಳಿಯಲಿಲ್ಲ.

ಜನರ ಆಕ್ಷೇಪಣೆಗಳನ್ನೂ ನಮ್ಮ ಕೋಷ್ಟಕವನ್ನೂ ಅಧಿಕಾರಿ ಕಡತಕ್ಕೆ ಸೇರಿಸಿಕೊಂಡರು, ಸೇರಿಸದೆ ಅಲ್ಲಿಂದ ಹೊರಡುವಂತಿರಲಿಲ್ಲ. ಕೆಲವು ತಿಂಗಳ ಮೇಲೆ ಸರ್ಕಾರದಿಂದ ವರದಿ ವಾಪಸು ಬಂದಿದೆ, ಬೇಸಿಗೆಯ ಆಳ ನೋಡಿ ಹೊಸದಾಗಿ ಲೆಕ್ಕ ಹಾಕಿ ಎಂದಿದ್ದಾರೆ ಎಂದು ತಿಳಿಯಿತು. ಯೋಜನೆ ಸತ್ತಿಲ್ಲ, ಮಲಗಿದೆ. ಇಂಥವು ಸಾಯುವುದು ಕಡಿಮೆ. ಹಾಲಮ್ಮನ ಪಟ್ಟಿಗೆ ಕಾಗದ ಮಾಡಿಸಲು ತಾಲ್ಲೂಕು ಕಚೇರಿಗೆ ನಾವಿಬ್ಬರೂ ಅಲೆಯುತ್ತಿದ್ದೇವೆ.

ಕಳೆದ ವಾರ ಸತೀಶನ ಸಂದೇಶ ಬಂತು. ಉದ್ದವಾಗಿತ್ತು. ಆ ಕೆಲಸ ಬಿಟ್ಟಿದ್ದಾನಂತೆ. ನಿಮ್ಮಂಥ ಗುರುಗಳಿಗೆ ಮೋಸ ಮಾಡಿದೆ, ಕ್ಷಮಿಸಿ ಎಂದು ಮೂರು ಕಡೆ ಬರೆದಿದ್ದ. ಎರಡು ದಿನ ಬಿಟ್ಟು ಉತ್ತರ ಬರೆದೆ.

"ಕ್ಷಮೆ ಕೇಳಬೇಕಾದ್ದು ನನ್ನನ್ನಲ್ಲ. ಹಾಲಮ್ಮನ ಮನೆ ಸಂತೆ ಮೈದಾನದ ಹಿಂದಿನ ಬೀದಿಯಲ್ಲಿದೆ. ಬೆಳಿಗ್ಗೆ ಬೇಗ ಹೋಗು. ತಡವಾದರೆ ಹೊಳೆಗೆ ಹೋಗಿರ್ತಾಳೆ."

ಹೋದನೋ ಇಲ್ಲವೋ ನಾನು ಕೇಳಿಲ್ಲ. ಹಾಲಮ್ಮನೂ ಹೇಳಿಲ್ಲ.